ನರೆಗೂದಲು ಮತ್ತು ಮುಚ್ಚಿದ ಬಾಗಿಲು: ಬೆಂಗಳೂರು ದಂಡಿನ ಒಂದು ಸಾಕ್ಷ್ಯ

ಚುನಾವಣೆಗಳು ಹತ್ತಿರವಾದಾಗಲೆಲ್ಲ ಕರ್ನಾಟಕದ ಸಾರ್ವಜನಿಕ ಚರ್ಚೆಯಲ್ಲಿ ಒಂದು ವಾದ ತಪ್ಪದೆ ತಲೆಯೆತ್ತುತ್ತದೆ. ವಯಸ್ಸಾದಂತೆ ಮನುಷ್ಯನ ಬುದ್ಧಿ ಹೊಸದಕ್ಕೆ ಮುಚ್ಚಿಕೊಳ್ಳುತ್ತದೆ. ಮುಚ್ಚಿಕೊಂಡ ಬುದ್ಧಿ ರಾಜ್ಯಭಾರಕ್ಕೆ ಸಲ್ಲದು. ಆದುದರಿಂದ ಎಪ್ಪತ್ತಕ್ಕೋ ಎಪ್ಪತ್ತೈದಕ್ಕೋ ಒಂದು ಗೆರೆಯೆಳೆದು ಅದರಾಚೆಯವರನ್ನು ಅಧಿಕಾರದಿಂದ ದೂರವಿಡಬೇಕು ಎಂಬುದು ಆ ವಾದದ ಸಾರ. ‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ಇದಕ್ಕೆ ಲೋಕಾನುಭವದ ಮುದ್ರೆಯೊತ್ತುತ್ತದೆ. ರಾಜ್ಯದ ನೌಕರ 60ಕ್ಕೆ, ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ 62ಕ್ಕೆ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ 65ಕ್ಕೆ ನಿವೃತ್ತರಾಗುವಾಗ ಮಂತ್ರಿಗೇಕೆ ಮಿತಿಯಿಲ್ಲ ಎಂಬ ಪ್ರಶ್ನೆ ಅದಕ್ಕೆ ಕಾನೂನಿನ ಬಣ್ಣ ಬಳಿಯುತ್ತದೆ. ಸಾಹಿತ್ಯ ಬಲ್ಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಜೈನ ಕಾವ್ಯಗಳ ಅರಸರನ್ನು ಸಾಕ್ಷಿಗೆ ಕರೆಯುತ್ತಾರೆ: ತಲೆಯಲ್ಲಿ ಒಂದು ಬಿಳಿಯ ಕೂದಲು ಕಂಡೊಡನೆ ಮಗನಿಗೆ ಪಟ್ಟ ಕಟ್ಟಿ ತಪೋವನಕ್ಕೆ ನಡೆದ ಆ ದೊರೆಗಳ ವಿವೇಕ ಇಂದಿನವರಿಗೇಕಿಲ್ಲ ಎಂದು.

ಈ ವಾದ ಕೇಳಲು ಸೊಗಸು, ಒಳಗೆ ಪೊಳ್ಳು. ದೇಹದ ಸಾಮರ್ಥ್ಯ ಮತ್ತು ಮನಸ್ಸಿನ ತೆರವು ಎಂಬ ಎರಡು ಬೇರೆಯ ಸಂಗತಿಗಳನ್ನು ಇದು ಒಂದೇ ದಾರದಲ್ಲಿ ಪೋಣಿಸುತ್ತದೆ. ಮೊದಲನೆಯದು ವಯಸ್ಸಿನೊಡನೆ ಕುಂದುತ್ತದೆ ಎಂಬುದಕ್ಕೆ ವೈದ್ಯರ ಸಾಕ್ಷ್ಯವೂ ಬೇಕಿಲ್ಲ. ಎರಡನೆಯದೂ ಹಾಗೆಯೇ ಕುಂದುತ್ತದೆ ಎಂದು ಸಾಧಿಸಬೇಕಾದ ಹೊಣೆ ವಾದಿಗಳದು. ಆ ಹೊಣೆಯನ್ನು ಅವರು ಗಾದೆಯ ಹೆಗಲಿಗೆ ಹೊರಿಸಿ ಸುಮ್ಮನಾಗಿದ್ದಾರೆ. ಇದನ್ನು ಪರೀಕ್ಷಿಸಲು ಬೆಂಗಳೂರಿನ ದಂಡು ಪ್ರದೇಶ ಒದಗಿಸುವಷ್ಟು ಸ್ಪಷ್ಟವಾದ ದೃಷ್ಟಾಂತ ಬೇರೆಡೆ ಸಿಗುವುದು ಕಷ್ಟ.

1896ರ ಅಕ್ಟೋಬರಿನಲ್ಲಿ ನಾಲ್ಕನೆಯ ಹುಸಾರ್ಸ್ ಅಶ್ವದಳದ ಕಿರಿಯ ಅಧಿಕಾರಿಯೊಬ್ಬ ಬೆಂಗಳೂರು ದಂಡಿಗೆ ಬಂದಿಳಿದ. ಅವನಿಗಿನ್ನೂ 22 ತುಂಬಿರಲಿಲ್ಲ. ಹೆಸರು ವಿನ್‌ಸ್ಟನ್ ಚರ್ಚಿಲ್. ಬಾರ್ನ್ಸ್ ಮತ್ತು ಬೇರಿಂಗ್ ಎಂಬ ಇನ್ನಿಬ್ಬರು ಅಧಿಕಾರಿಗಳೊಡನೆ ಅವನೊಂದು ವಿಶಾಲವಾದ ಬಂಗಲೆಯನ್ನು ಹಿಡಿದ. ಬೆಳಗ್ಗೆ ಕವಾಯತು, ಸಂಜೆ ಪೋಲೋ, ಅಂಗಳದಲ್ಲಿ ಗುಲಾಬಿ, ಪೆಟ್ಟಿಗೆಯಲ್ಲಿ ಚಿಟ್ಟೆಗಳ ಸಂಗ್ರಹ. ಆ ಚಿಟ್ಟೆಗಳನ್ನು ಒಂದು ಇಲಿ ತಿಂದುಹಾಕಿತೆಂಬ ದುಃಖವನ್ನೂ ಅವನು ಮರೆಯದೆ ದಾಖಲಿಸಿದ್ದಾನೆ. ವಿಶ್ವವಿದ್ಯಾಲಯದ ಮುಖ ಕಾಣದ ಈ ಯುವಕನಿಗೆ ತನ್ನ ಓದು ಸಾಲದೆಂಬ ಅರಿವು ಮೂಡಿದ್ದು ಇಲ್ಲಿಯೇ. ತಾಯಿಗೆ ಪತ್ರ ಬರೆದು ಪುಸ್ತಕಗಳನ್ನು ತರಿಸಿಕೊಂಡ. ಗಿಬ್ಬನ್, ಮೆಕಾಲೆ, ಪ್ಲೇಟೋ, ಆ್ಯಡಂ ಸ್ಮಿತ್, ಮಾಲ್ಥಸ್, ಡಾರ್ವಿನ್: ನಡುಹಗಲಿನ ಬಿಸಿಲಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಓದಿದ. ವಿನ್‌ವುಡ್ ರೀಡ್‌ನ ಗ್ರಂಥವನ್ನೋದಿ ಹುಟ್ಟಿನಿಂದ ಬಂದ ಧರ್ಮಶ್ರದ್ಧೆಯನ್ನೇ ಸ್ವಲ್ಪ ಕಾಲ ಕಳೆದುಕೊಂಡ. ಹೊಸ ವಿಚಾರಕ್ಕೆ ತನ್ನನ್ನು ಒಡ್ಡಿಕೊಳ್ಳುವ ಯೌವನ ಎಂದರೆ ಇದೇ ಅಲ್ಲವೆ? ತೆರೆದ ಮನಸ್ಸಿನ ಪಾಠಪುಸ್ತಕದಲ್ಲಿ ಚಿತ್ರವಾಗಿ ಹಾಕಬಹುದಾದ ದೃಶ್ಯ.

ಆದರೆ ಬಂಗಲೆಯ ಕಾಂಪೌಂಡಿನ ಹೊರಗೆ ಏನಿತ್ತೆಂಬುದನ್ನೂ ನೋಡಬೇಕು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ, ರೆಸಿಡೆಂಟನ ಅಧೀನದಲ್ಲಿ, ಬೇರೆ ಪುರಸಭೆ, ಬೇರೆ ಪೊಲೀಸು, ಬೇರೆ ನ್ಯಾಯಾಲಯ. ಪಶ್ಚಿಮಕ್ಕೆ ಕಬ್ಬನ್ ಪಾರ್ಕು, ಅದರಾಚೆ ಕನ್ನಡ ಮಾತಾಡುವ ಪೇಟೆ. ಪೂರ್ವಕ್ಕೆ ಕೆರೆಯನ್ನೂ ಸೋಮೇಶ್ವರ ದೇವಾಲಯವನ್ನೂ ಉಳ್ಳ, ದಂಡಿಗಿಂತ ಬಹಳ ಹಳೆಯದಾದ ಹಲಸೂರು. ನಡುವೆ, ಮುಂದೆ ಶಿವಾಜಿನಗರವೆನಿಸಿದ ಬ್ಲಾಕ್‌ಪಳ್ಳಿಯ ಬೀದಿಗಳಲ್ಲಿ ತಮಿಳು, ದಖನಿ ಉರ್ದು, ತೆಲುಗು ಮಾತಾಡುವ ಸಾವಿರಾರು ಜನ. ಸೈನ್ಯಕ್ಕೆ ಅನ್ನ, ಬಟ್ಟೆ, ಲಾಳ, ಹುಲ್ಲು ಒದಗಿಸುತ್ತಿದ್ದವರು ಅವರು. ಈ ಜನರಲ್ಲಿ ಚರ್ಚಿಲ್‌ಗೆ ಗೊತ್ತಿದ್ದವರೆಂದರೆ ಬಟ್ಲರ್, ಧೋಬಿ, ಕುದುರೆಯಾಳು. ಸೇವಕರ ಕೈಗೆ ಎಲ್ಲವನ್ನೂ ಒಪ್ಪಿಸಿದ ಮೇಲೆ ರಾಜಕುಮಾರರ ಬದುಕೂ ಇದಕ್ಕಿಂತ ಮೇಲಾಗಿರಲಾರದೆಂಬ ಭಾವ ಅವನ ಆತ್ಮಕಥೆಯ ಆ ಪುಟಗಳಲ್ಲಿ ತುಂಬಿದೆ. ಗ್ರೀಸ್, ರೋಮುಗಳಿಗೆ ತೆರೆದುಕೊಂಡ ಬಾಗಿಲು ಹಲಸೂರಿನ ಕಡೆಗೆ ತೆರೆಯಲೇ ಇಲ್ಲ. ಅವನು ಓದಿದ ಪಟ್ಟಿಯಲ್ಲಿ ತಾನು ಕಾವಲು ಕಾಯುತ್ತಿದ್ದ ನಾಡಿನ ಒಂದು ಭಾಷೆಯ ಒಂದು ಗ್ರಂಥವೂ ಇಲ್ಲ.

ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ ನಡೆಯುತ್ತಿದ್ದ ಕೆಲಸವನ್ನು ಇದರ ಪಕ್ಕದಲ್ಲಿಡಬೇಕು. 1898ರಲ್ಲಿ ಬೆಂಗಳೂರಿನ ಮೈಸೂರು ಸರ್ಕಾರಿ ಮುದ್ರಣಾಲಯದಿಂದ ಕೆ.ಬಿ. ಪಾಠಕ್ ಸಂಪಾದಿಸಿದ ‘ಕವಿರಾಜಮಾರ್ಗ’ ಹೊರಬಂತು. ಆ ವರ್ಷವೇ ಬಿ.ಎಲ್. ರೈಸ್ ಸಂಪಾದಿಸಿದ ಪಂಪಭಾರತವೂ ಬಂತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯನ್ನು ಮನುಷ್ಯನ ನಿಜವಾದ ಸಂಪತ್ತೆಂದು ಒಂಬತ್ತನೆಯ ಶತಮಾನದಲ್ಲಿ ಎಣಿಸಿದ ಗ್ರಂಥ, ಸಾವಿರ ವರ್ಷಗಳ ತರುವಾಯ ಮೊದಲ ಬಾರಿಗೆ ಅಚ್ಚಿನ ಮಸಿ ಕಂಡದ್ದು ಚರ್ಚಿಲ್‌ನ ಗುಲಾಬಿ ತೋಟದಿಂದ ಕುದುರೆ ಸವಾರಿಯ ದೂರದಲ್ಲಿ. ಆ ಮಾಲೆಯ ಹಿಂದಿದ್ದ ರೈಸ್ ಅವರಿಗೆ ಆಗ 61 ವರ್ಷ. ಗಾದೆಯ ಲೆಕ್ಕದಲ್ಲಿ ಅರಳು ಮರಳಿನ ಕಾಲ! 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಅವರು 1889ರಲ್ಲಿ ಶ್ರವಣಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದ್ದರು. ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಒಂದೊಂದಾಗಿ ಹೊರತರುತ್ತಿದ್ದರು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಮೇಲೂ ಶಾಸನಗಳ ಆಧಾರದಿಂದ ಮೈಸೂರು, ಕೊಡಗುಗಳ ಚರಿತ್ರೆಯನ್ನು ಬರೆದು 1909ರಲ್ಲಿ ಪ್ರಕಟಿಸಿದರು.

ರೈಸ್ ಅವರನ್ನು ಸಂತನನ್ನಾಗಿಸುವ ಅಗತ್ಯವಿಲ್ಲ. ಭದ್ರಬಾಹು ಮತ್ತು ಚಂದ್ರಗುಪ್ತರ ಐತಿಹ್ಯ, ಗಂಗರ ತಾಮ್ರಪಟಗಳ ಪ್ರಾಮಾಣ್ಯ ಇವುಗಳ ಬಗ್ಗೆ ಜೆ.ಎಫ್. ಫ್ಲೀಟ್ ಎತ್ತಿದ ಆಕ್ಷೇಪಗಳಿಗೆ ಅವರು ಸುಲಭವಾಗಿ ಮಣಿದವರಲ್ಲ. ಆದರೆ ಮಣಿಯುವುದೇ ತೆರೆದ ಮನಸ್ಸಿನ ಲಕ್ಷಣವೆಂದು ತಿಳಿಯುವುದು ತಪ್ಪು. ತನ್ನ ಮತವನ್ನು ಖಂಡಿಸಲು ಬೇಕಾದ ಸಾಮಗ್ರಿಯನ್ನು ಮೂಲಪಾಠದ ಸಮೇತ ಎದುರಾಳಿಯ ಕೈಗೆ ಕೊಡುವವನು, ಮತವನ್ನು ಬಿಡದಿದ್ದರೂ, ಬಾಗಿಲು ತೆರೆದಿಟ್ಟಿದ್ದಾನೆ. ಅದರ ಫಲ ಪ್ರತ್ಯಕ್ಷವಾಗಿದೆ. 1923ರಲ್ಲಿ ಆರ್. ನರಸಿಂಹಾಚಾರ್ ಅವರು ಶ್ರವಣಬೆಳಗೊಳ ಸಂಪುಟವನ್ನು ಪರಿಷ್ಕರಿಸಿದಾಗ 144 ಶಾಸನಗಳು 500 ಆದವು. ಪರಿಷ್ಕರಿಸಿದವರಿಗೂ ಆಗ 63. ‘ಕರ್ಣಾಟಕ ಕವಿಚರಿತೆ’ಯ ಮೂರನೆಯ ಸಂಪುಟ ಬರುವಾಗ, 1929ರಲ್ಲಿ, 69.

ಬೆಂಗಳೂರಿನಲ್ಲಿ ಬೇರೂರಿದ ಅಭಿಪ್ರಾಯಗಳೊಡನೆ 1899ರ ಮಾರ್ಚಿನಲ್ಲಿ ಚರ್ಚಿಲ್ ಇಲ್ಲಿಂದ ಹೊರಟ. ಇಂದಿನ ಬೆಂಗಳೂರು ಕ್ಲಬ್ಬಿನ 1899ರ ಲೆಕ್ಕದ ಪುಸ್ತಕದಲ್ಲಿ ವಸೂಲಾಗದ ಬಾಕಿಗಳ ಪಟ್ಟಿಯಲ್ಲಿ ಅವನ ಹೆಸರಿನೆದುರು 13 ರೂಪಾಯಿ ಎಂದಿದೆ. ಪ್ರವಾಸಿಗಳಿಗೆ ಈ ಹದಿಮೂರು ರೂಪಾಯಿ ಒಂದು ತಮಾಷೆ. ಬಂಗಾಳದ ಬಾಕಿಯನ್ನು ನೆನೆದವರಿಗೆ ಅದು ಅಷ್ಟು ತಮಾಷೆಯೆನಿಸದು.

ಮೂವತ್ತು ವರ್ಷ ಕಳೆದು ಭಾರತಕ್ಕೆ ಅಧಿಕಾರ ಹಂಚುವ ಪ್ರಶ್ನೆ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ಅದಕ್ಕೆ ಅತ್ಯಂತ ಉಗ್ರವಾಗಿ ಎದುರು ನಿಂತವನು ಚರ್ಚಿಲ್. ಆ ಕಾರಣಕ್ಕಾಗಿಯೇ 1931ರ ಜನವರಿಯಲ್ಲಿ ತನ್ನ ಪಕ್ಷದ ನಾಯಕಮಂಡಲಿಯಿಂದ ಹೊರಬಂದ. ಮರುತಿಂಗಳೇ ವೈಸ್‌ರಾಯನ ಅರಮನೆಯ ಮೆಟ್ಟಿಲೇರುತ್ತಿದ್ದ ಗಾಂಧೀಜಿಯನ್ನು ಅರೆಬೆತ್ತಲೆ ಫಕೀರನೆಂದು ಹಂಗಿಸಿದ. 1935ರ ಭಾರತ ಸರ್ಕಾರ ಕಾಯಿದೆಯನ್ನು ಕೊನೆಯವರೆಗೂ ವಿರೋಧಿಸಿದ. ಅವನ ಭಾರತವಿಷಯಕ ವಿಚಾರಗಳು ಹಿಂದಿನ ಪೀಳಿಗೆಯ ಒಬ್ಬ ಕಿರಿಯ ಸೈನ್ಯಾಧಿಕಾರಿಯವು, ಈಗಿನ ಭಾರತೀಯರೊಡನೆ ಮಾತಾಡಿ ಅವುಗಳನ್ನು ಹೊಸದಾಗಿಸಿಕೊಳ್ಳಬಾರದೇಕೆ ಎಂದು ಲಾರ್ಡ್ ಇರ್ವಿನ್ ಸೂಚಿಸಿದಾಗ, ತನ್ನ ವಿಚಾರಗಳಿಂದ ತನಗೆ ತೃಪ್ತಿಯಿದೆ, ಅವುಗಳನ್ನು ಯಾವ ಭಾರತೀಯನೂ ಕದಡುವುದು ಬೇಡ ಎಂಬರ್ಥದ ಒರಟು ಉತ್ತರ ಕೊಟ್ಟನೆಂಬುದನ್ನು ಚರಿತ್ರೆಕಾರರು ಮತ್ತೆಮತ್ತೆ ಉಲ್ಲೇಖಿಸುತ್ತಾರೆ. ಇದು ವೃದ್ಧಾಪ್ಯದ ಜಡತೆಯೆ? ಆಗ ಅವನಿಗೆ ಐವತ್ತರ ಆಸುಪಾಸು. ಇರ್ವಿನ್ ಗುರುತಿಸಿದ್ದು ಸರಿ: ಆ ಬಾಗಿಲು ಮುಚ್ಚಿದ್ದು ಬೆಂಗಳೂರಿನಲ್ಲಿ, ಇಪ್ಪತ್ತೆರಡರಲ್ಲಿ.

ಚರ್ಚಿಲ್ ಸ್ವಭಾವತಃ ಹಟಮಾರಿ, ವಯಸ್ಸಿನೊಡನೆ ಹಟ ಬಲಿಯಿತು ಎಂದು ಹೇಳಿ ಜಾರಿಕೊಳ್ಳಲೂ ಬರುವುದಿಲ್ಲ. 1904ರಲ್ಲಿ ಪಕ್ಷ ಬದಲಿಸಿದವನು, ಇಪ್ಪತ್ತು ವರ್ಷದ ಮೇಲೆ ಹಳೆಯ ಪಕ್ಷಕ್ಕೆ ಮರಳಿದವನು ಅವನೇ. ಎರಡು ದಶಕಗಳ ಕಾಲ ಬೋಲ್ಶೆವಿಕರನ್ನು ಶಪಿಸಿದವನು 1941ರ ಜೂನ್ 22ರಂದು, ಜರ್ಮನಿ ರಷ್ಯಾದ ಮೇಲೆರಗಿದ ದಿನವೇ, ರಷ್ಯಾಕ್ಕೆ ನೆರವು ಘೋಷಿಸಿದ. ಆಗವನಿಗೆ 66. ತನ್ನ ಅತಿ ಗಾಢವಾದ ರಾಜಕೀಯ ದ್ವೇಷವನ್ನು ಒಂದು ದಿನದಲ್ಲಿ ಬದಿಗಿಡಬಲ್ಲ ಮುದುಕನ ಬುದ್ಧಿ ಮುಚ್ಚಿಹೋಗಿತ್ತೆಂದು ಯಾರೂ ಹೇಳಲಾರರು. ಭಾರತದ ಕಡೆಗಿನ ಬಾಗಿಲು ಮಾತ್ರ ತೆರೆಯಲಿಲ್ಲ. 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿದ್ದಾಗಲೂ ತೆರೆಯಲಿಲ್ಲ. ಆಗ ಧಾನ್ಯಕ್ಕಾಗಿ, ಹಡಗುಗಳಿಗಾಗಿ ಮಂತ್ರಿಮಂಡಲದಲ್ಲಿ ವಾದಿಸುತ್ತಿದ್ದವನು ಭಾರತ ಕಾರ್ಯದರ್ಶಿ ಲಿಯೋ ಅಮೆರಿ. ಅವನೂ ಸಾಮ್ರಾಜ್ಯವಾದಿಯೇ, ಹ್ಯಾರೋ ಶಾಲೆಯಲ್ಲಿ ಚರ್ಚಿಲ್‌ನ ಜೊತೆಗಿದ್ದವನು. ಚರ್ಚಿಲ್ ಅವನನ್ನು ಶಾಲೆಯ ಈಜುಕೊಳಕ್ಕೆ ತಳ್ಳಿದ್ದ ಕಥೆ ಪ್ರಸಿದ್ಧ. ಅಮೆರಿ ಹುಟ್ಟಿದ್ದು 1873ರಲ್ಲಿ, ಗೋರಖಪುರದಲ್ಲಿ. ಎಂದರೆ ಚರ್ಚಿಲ್‌ಗಿಂತ ಒಂದು ವರ್ಷ ಹಿರಿಯ. ವಯಸ್ಸೇ ಕಾರಣವಾಗಿದ್ದರೆ ಇಬ್ಬರಲ್ಲಿ ಹೆಚ್ಚು ಕಿವುಡಾಗಬೇಕಾದವನು ಅಮೆರಿ.

ಹಾಗಾದರೆ ಕಾರಣವೇನು? ಜೈನ ತರ್ಕಶಾಸ್ತ್ರ ಇದಕ್ಕೊಂದು ಪರಿಭಾಷೆಯನ್ನು ಎಂದೋ ಸಿದ್ಧಪಡಿಸಿದೆ. ವಸ್ತುವನ್ನು ಒಂದು ಪಾರ್ಶ್ವದಿಂದ ಗ್ರಹಿಸುವುದು ನಯ. ಅದರಲ್ಲಿ ದೋಷವಿಲ್ಲ, ಮಿತಿಯಿದೆ. ಬೇರೆ ಪಾರ್ಶ್ವಗಳನ್ನು ಅಲ್ಲಗಳೆದಾಗ ಅದು ದುರ್ನಯವಾಗುತ್ತದೆ. ಬಂಗಲೆಯ ಜಗುಲಿಯಿಂದ ಕಂಡ ಭಾರತ ಒಂದು ನಯ. ಇಪ್ಪತ್ತೆರಡರ ಯುವಕನಿಗೆ ಅದಕ್ಕಿಂತ ಹೆಚ್ಚು ಕಾಣದಿದ್ದುದು ಅಪರಾಧವಲ್ಲ. ಅದನ್ನು ದುರ್ನಯವಾಗಿಸಿದ್ದು ಕಾಲವಲ್ಲ. ಆ ನೋಟವನ್ನು ಪ್ರಶ್ನಿಸಬಲ್ಲವರ ಮಾತಿಗೆ ಅವನು ಎಂದೂ ಉತ್ತರ ಕೊಡಬೇಕಾಗಿ ಬಾರದಿದ್ದುದು. ರಷ್ಯಾದ ವಿಷಯದಲ್ಲಿ ತಪ್ಪಿದರೆ ಯುದ್ಧ ಸೋಲುತ್ತಿತ್ತು. ಪಕ್ಷದ ವಿಷಯದಲ್ಲಿ ತಪ್ಪಿದರೆ ಕ್ಷೇತ್ರ ಕೈಬಿಡುತ್ತಿತ್ತು. ಭಾರತೀಯರ ವಿಷಯದಲ್ಲಿ ತಪ್ಪಿದರೆ ಅವನು ಕಳೆದುಕೊಳ್ಳುವುದೇನೂ ಇರಲಿಲ್ಲ. ಬ್ಲಾಕ್‌ಪಳ್ಳಿಯ ಯಾವನಿಗೂ ಅವನ ಕ್ಷೇತ್ರದಲ್ಲಿ ಮತವಿರಲಿಲ್ಲ. ಉತ್ತರದಾಯಿತ್ವವಿಲ್ಲದ ಕಡೆಗೆ ಮನಸ್ಸು ಮುಚ್ಚುತ್ತದೆ, ಮತ್ತು ಅದು ಯಾವ ವಯಸ್ಸಿನಲ್ಲಾದರೂ ಮುಚ್ಚುತ್ತದೆ. ಅವನು ಫಕೀರನೆಂದು ಹಂಗಿಸಿದ ಗಾಂಧೀಜಿಯ ದಾರಿ ಇದಕ್ಕೆ ವಿರುದ್ಧವಾದುದು. ತನ್ನ ಎರಡು ಬರಹಗಳು ಪರಸ್ಪರ ವಿರುದ್ಧವೆನಿಸಿದರೆ ನಂತರದ್ದನ್ನು ಹಿಡಿಯಿರಿ ಎಂದು ಅವರು 1933ರಲ್ಲಿ, 63ರ ವಯಸ್ಸಿನಲ್ಲಿ, ಓದುಗರಿಗೆ ತಿಳಿಸಿದ್ದರು. ಒಂದು ಕಾಲಕ್ಕೆ ಜಾತಿಯೊಳಗಿನ ವಿವಾಹ ನಿಯಮವನ್ನು ಸಮರ್ಥಿಸಿದ್ದವರು ಎಪ್ಪತ್ತು ದಾಟಿದ ಮೇಲೆ ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ತಮ್ಮ ಆಶೀರ್ವಾದ ಎನ್ನುವಲ್ಲಿಗೆ ಬಂದರು. ಹಾಗೆ ಬಂದದ್ದು ತನ್ನಷ್ಟಕ್ಕೆ ಪಕ್ವವಾಗಿ ಅಲ್ಲ. ಅಂಬೇಡ್ಕರರಂಥವರ ಕಟು ಪ್ರಶ್ನೆಗಳಿಗೆ ಬಹಿರಂಗವಾಗಿ ಉತ್ತರಿಸಬೇಕಾಗಿ ಬಂದುದರಿಂದ.

ಹಲಸೂರಿನಿಂದ ಇನ್ನಷ್ಟು ಪೂರ್ವಕ್ಕೆ ಹೋದರೆ ಇಂದಿರಾನಗರ. ಯಾರ ಹೆಸರನ್ನು ಆ ಬಡಾವಣೆ ಹೊತ್ತಿದೆಯೋ ಅವರು ಮುದುಕರ ವಿರುದ್ಧ ಯುವಕರು ಎಂಬ ಘೋಷಣೆಯನ್ನು ರಾಜಕೀಯ ಆಯುಧವಾಗಿ ಬಳಸಿದ ರಂಗಸ್ಥಳವೂ ಬೆಂಗಳೂರೇ. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿದಾಗ ಪಕ್ಷದ ಅಧ್ಯಕ್ಷರಾಗಿದ್ದವರು 66 ವರ್ಷದ ಎಸ್. ನಿಜಲಿಂಗಪ್ಪ. ಅವರ ಬಣಕ್ಕೆ ಹಳೆಯ ಮುಖಂಡರ ಸಿಂಡಿಕೇಟ್ ಎಂಬ ಹೆಸರು. 51ರ ಇಂದಿರಾ ಗಾಂಧಿಯವರ ಸುತ್ತ ಯಂಗ್ ಟರ್ಕ್‌ಗಳು. ಇತಿಹಾಸದ ಪಠ್ಯಗಳು ಈ ವಿಭಜನೆಯನ್ನು ಇಂದಿಗೂ ಹಳತು ಹೊಸತುಗಳ ಸಂಘರ್ಷವೆಂದೇ ವರ್ಣಿಸುತ್ತವೆ. ಆದರೆ ಅದೇ ಆಗಸ್ಟಿನ ರಾಷ್ಟ್ರಪತಿ ಚುನಾವಣೆಯಲ್ಲಿ ಮುದುಕರ ಬಣದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರಿಗೆ 56. ಯುವಕರ ಬಣ ಗೆಲ್ಲಿಸಿದ ವಿ.ವಿ. ಗಿರಿಯವರಿಗೆ 75. ವಯಸ್ಸು ಇಲ್ಲಿ ತತ್ತ್ವವಾಗಿರಲಿಲ್ಲ, ಬೈಗುಳವಾಗಿತ್ತು. ಆರು ವರ್ಷಗಳ ಮೇಲೆ ತುರ್ತುಪರಿಸ್ಥಿತಿ ಹೇರಿ ಅಡ್ವಾಣಿ, ವಾಜಪೇಯಿ, ಮಧು ದಂಡವತೆಯವರನ್ನು ಬೆಂಗಳೂರಿನ ಜೈಲಿನಲ್ಲಿಟ್ಟ ಸರ್ಕಾರದ ನಾಯಕಿಗೆ 57. ಅದನ್ನು ಎದುರಿಸಿ ನಿಂತ ಜಯಪ್ರಕಾಶ ನಾರಾಯಣರಿಗೆ 72. 1977ರಲ್ಲಿ ಪ್ರಧಾನಿಯಾದ ಮೊರಾರ್ಜಿ ದೇಸಾಯಿಯವರಿಗೆ 81. ಆಹಾರ, ಪಾನನಿರೋಧಗಳಲ್ಲಿ ಇವರಷ್ಟು ಪಟ್ಟುಹಿಡಿದ ಮುದುಕ ಇನ್ನೊಬ್ಬರಿರಲಿಲ್ಲ. ಆದರೂ ತುರ್ತುಪರಿಸ್ಥಿತಿಯ ದುರ್ಬಳಕೆಯನ್ನು ಕಷ್ಟವಾಗಿಸಿದ 44ನೆಯ ತಿದ್ದುಪಡಿ ಬಂದದ್ದು ಅವರ ಕಾಲದಲ್ಲಿ.

ಸಮಾಜವಿಜ್ಞಾನಿಗಳೂ ಗಾದೆಯ ನೆರವಿಗೆ ಬರುವುದಿಲ್ಲ. ಯೌವನದ ಮೊದಲ ಅನುಭವಗಳೇ ಒಂದು ಪೀಳಿಗೆಯ ಲೋಕದೃಷ್ಟಿಯನ್ನು ಅಚ್ಚೊತ್ತುತ್ತವೆ ಎಂದು ಕಾರ್ಲ್ ಮ್ಯಾನ್‌ಹೈಮ್ 1928ರಲ್ಲೇ ಬರೆದಿದ್ದ. 1989ರಲ್ಲಿ ಕ್ರಾಸ್ನಿಕ್ ಮತ್ತು ಆಲ್ವಿನ್ ಅಮೆರಿಕದ ಮತದಾರರ ಅಭಿಪ್ರಾಯಗಳನ್ನು ಪರಿಶೀಲಿಸಿ, ರಾಜಕೀಯ ಮನೋಭಾವ ಸುಲಭವಾಗಿ ಬದಲಾಗುವುದು ಹದಿಹರೆಯದ ಕೊನೆಯಲ್ಲಿ ಮತ್ತು ಯೌವನದ ಆರಂಭದಲ್ಲಿ, ಅನಂತರ ಅದು ಬೇಗನೆ ಗಟ್ಟಿಯಾಗುತ್ತದೆ ಎಂದು ಕಂಡರು. ಗಟ್ಟಿತನ ಮುಪ್ಪಿನವರೆಗೆ ಮೆಲ್ಲಮೆಲ್ಲನೆ ಬೆಳೆಯುತ್ತಾ ಹೋಗುತ್ತದೆ ಎಂಬ ಊಹೆಗೆ ಆಧಾರ ಸಿಗಲಿಲ್ಲ. 1998ರಲ್ಲಿ ವಿಸರ್ ಮತ್ತು ಕ್ರಾಸ್ನಿಕ್ ಇನ್ನೂ ಮುಂದೆ ಹೋಗಿ, ಅಭಿಪ್ರಾಯ ಬದಲಾವಣೆಗೆ ಅತಿ ಹೆಚ್ಚು ಪ್ರತಿರೋಧ ಒಡ್ಡುವವರು ನಡುವಯಸ್ಸಿನವರು, ಮುಪ್ಪಿನಲ್ಲಿ ಆ ಪ್ರತಿರೋಧ ಮತ್ತೆ ಸಡಿಲುತ್ತದೆ ಎಂದರು. ಹೊಸ ಅನುಭವಗಳ ಕುತೂಹಲ ಇಳಿವಯಸ್ಸಿನಲ್ಲಿ ಸರಾಸರಿಯಾಗಿ ಸ್ವಲ್ಪ ತಗ್ಗುತ್ತದೆಂದು ತೋರಿಸುವ ಅಧ್ಯಯನಗಳೂ ಇವೆ, ನಿಜ. ಆದರೆ ಸರಾಸರಿ ಮನುಷ್ಯ ಚುನಾವಣೆಗೆ ನಿಲ್ಲುವುದಿಲ್ಲ. ಮುಕ್ತತೆಯ ಹೆಸರಿನಲ್ಲಿ ಯಾರನ್ನಾದರೂ ಹೊರಗಿಡಲೇಬೇಕೆಂದರೆ, ಈ ಸಾಕ್ಷ್ಯದ ಪ್ರಕಾರ ಮೊದಲು ಹೋಗಬೇಕಾದವರು ಐವತ್ತರವರು. ಆ ಬೇಡಿಕೆಯನ್ನು ಯಾರೂ ಮಂಡಿಸುವುದಿಲ್ಲ. ಮುದುಕರ ವಿರುದ್ಧ ಗೆರೆಯೆಳೆಯುತ್ತಿರುವವರಲ್ಲಿ ಬಹುಮಂದಿ ಐವತ್ತರವರೇ.

ಇನ್ನು ಕಾವ್ಯಗಳ ಸಾಕ್ಷ್ಯ. ನರೆಗೂದಲಿನ ಅರಸನೆಂದರೆ ಜನ್ನನ ‘ಯಶೋಧರ ಚರಿತೆ’ಯ ಯಶೌಘ ನೆನಪಾಗುವುದು ಸಹಜ. ನರೆಯನ್ನು ಕಂಡು ಅವನು ರಾಜ್ಯವನ್ನು ಮಗ ಯಶೋಧರನಿಗಿತ್ತು ತಪಸ್ಸಿಗೆ ಹೋಗುತ್ತಾನೆ. ಅವನು ಹೋದದ್ದು ತನ್ನ ಬುದ್ಧಿ ರಾಜ್ಯಕ್ಕೆ ಸಾಲದೆಂದಲ್ಲ. ಉಳಿದ ಆಯುಸ್ಸು ಆತ್ಮಹಿತಕ್ಕೆ ಸಾಲದೆಂದು. ಇದು ವೈರಾಗ್ಯದ ಸಂಕೇತ, ಅಸಾಮರ್ಥ್ಯದ ಪ್ರಮಾಣಪತ್ರವಲ್ಲ. ಆದಿನಾಥರ ಆಯುಸ್ಸು 84 ಲಕ್ಷ ಪೂರ್ವ. ಅದರಲ್ಲಿ ಕುಮಾರಕಾಲ 20 ಲಕ್ಷ, ರಾಜ್ಯಕಾಲ 63 ಲಕ್ಷ, ತಪಸ್ಸಿಗೆ ಉಳಿದದ್ದು ಒಂದು ಲಕ್ಷ. ಮಾನವ ಪ್ರಮಾಣಕ್ಕಿಳಿಸಿದರೆ 84 ವರ್ಷ ಬದುಕಿದವನು 83ರವರೆಗೆ ಆಳಿದಂತೆ. ಪುರಾಣದಿಂದ ನಿವೃತ್ತಿ ನಿಯಮವನ್ನು ಹೆಕ್ಕಹೊರಟವರು ಈ ಲೆಕ್ಕವನ್ನು ಮೊದಲು ಮಾಡಬೇಕಿತ್ತು. ಅಧಿಕಾರ ಕಿರಿಯನಿಗೆ ಬಂದ ಮೇಲೆ ಜನ್ನನ ಕಥೆಯಲ್ಲಿ ಆಗುವುದಾದರೂ ಏನು? ತರುಣ ಅರಸ ಯಶೋಧರ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು, ಸಂಕಲ್ಪಹಿಂಸೆಯ ಫಲವಾಗಿ ಜನ್ಮಜನ್ಮಾಂತರ ತೊಳಲುತ್ತಾನೆ. ಒತ್ತಾಯಿಸಿದವಳು ಹಿರಿಯಳು, ಒಪ್ಪಿದವನು ಕಿರಿಯ. ಕವಿ ಯಾವ ವಯಸ್ಸಿಗೂ ರಿಯಾಯಿತಿ ಕೊಟ್ಟಿಲ್ಲ. ಆ ಕಾವ್ಯದಲ್ಲಿ ನಿಜವಾಗಿ ಮನಸ್ಸು ತೆರೆಯುವ ಅರಸನೆಂದರೆ ಮಾರಿದತ್ತ. ಬಲಿಗೆಂದು ಹಿಡಿದು ತಂದ ಬಾಲಕ ಅಭಯರುಚಿಯ ಮಾತನ್ನು, ಕೈಯಲ್ಲಿ ಕತ್ತಿಯಿರುವಾಗಲೇ, ಅವನು ಕೇಳಿದ. ತನ್ನ ಕತ್ತಿಯ ಕೆಳಗಿರುವವನ ಮಾತು ಕೇಳುವ ಅರಸನಿಗೂ ಕೇಳಲೊಲ್ಲದ ಅರಸನಿಗೂ ಇರುವ ಅಂತರವನ್ನು ಜನ್ನ 1209ರಲ್ಲಿ ಬರೆದಿಟ್ಟಿದ್ದಾನೆ. ತಲೆಗೂದಲಿನ ಬಣ್ಣದಲ್ಲಿ ಆ ಅಂತರ ಕಾಣುವುದಿಲ್ಲ.

ದೇಹದ ಪ್ರಶ್ನೆಯನ್ನು ಮಾತ್ರ ಬದಿಗಿಡಲಾಗದು. ಇದರಲ್ಲಿಯೂ ಚರ್ಚಿಲ್‌ನದೇ ದೃಷ್ಟಾಂತ. 1951ರಲ್ಲಿ, 76ರ ವಯಸ್ಸಿನಲ್ಲಿ ಎರಡನೆಯ ಬಾರಿ ಪ್ರಧಾನಿಯಾದವನಿಗೆ 1953ರ ಜೂನಿನಲ್ಲಿ ಪಾರ್ಶ್ವವಾಯು ಬಡಿಯಿತು. ಪತ್ರಿಕೆಗಳ ಒಡೆಯರೇ ಸೇರಿ ಅದನ್ನು ದೇಶದಿಂದ ಮುಚ್ಚಿಟ್ಟರು. ಪ್ರಧಾನಿಗೆ ವಿಶ್ರಾಂತಿ ಬೇಕಾಗಿದೆಯೆಂದಷ್ಟೇ ಜನರಿಗೆ ತಿಳಿಯಿತು. ಅವನು 1955ರ ಏಪ್ರಿಲ್‌ವರೆಗೂ ಕುರ್ಚಿಯಲ್ಲಿ ಮುಂದುವರಿದ. ಇಲ್ಲಿ ಅನ್ಯಾಯವಾದದ್ದು ಅವನಿಗೆ 78 ಆಗಿದ್ದುದರಿಂದಲ್ಲ, ಮುಚ್ಚಿಟ್ಟದ್ದರಿಂದ. ಐವತ್ತರವನಿಗೆ ಪಾರ್ಶ್ವವಾಯು ಬಡಿದು ಅದನ್ನು ಮುಚ್ಚಿಟ್ಟಿದ್ದರೂ ಅಷ್ಟೇ ಅನ್ಯಾಯ. ಭಾರತದಲ್ಲಿ ಅಭ್ಯರ್ಥಿ ತನ್ನ ಆಸ್ತಿ, ವಿದ್ಯಾರ್ಹತೆ, ತನ್ನ ಮೇಲಿನ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಘೋಷಿಸಬೇಕು. ಆರೋಗ್ಯದ ಬಗ್ಗೆ ಅಂಥ ನಿಯಮವಿಲ್ಲ. ಮುಖ್ಯಮಂತ್ರಿಯ ಅಥವಾ ಪ್ರಧಾನಿಯ ಕುರ್ಚಿಯಲ್ಲಿ ಕೂರುವವರಿಗಾದರೂ ಅದು ಬೇಕು. ಹಾಗೆಯೇ ಸದನಗಳಲ್ಲಿ ತರುಣರ ಸಂಖ್ಯೆ ಹೆಚ್ಚಬೇಕೆಂಬ ಬೇಡಿಕೆಯೂ ನ್ಯಾಯವಾದುದೇ; ಅದು ಪ್ರಾತಿನಿಧ್ಯದ ಹಕ್ಕು. ಅದನ್ನು ಪಡೆಯಲು ಹಿರಿಯರ ಬುದ್ಧಿ ಮುಚ್ಚಿದೆಯೆಂಬ ಸುಳ್ಳಿನ ಆಸರೆ ಬೇಕಿಲ್ಲ.

ವಯಸ್ಸಿನ ಗೆರೆ ಆಚರಣೆಯಲ್ಲಿ ಹೇಗೆ ವರ್ತಿಸುತ್ತದೆಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಸಂವಿಧಾನ ಕನಿಷ್ಠ ವಯಸ್ಸನ್ನು ನಿಗದಿಪಡಿಸಿದೆ: ವಿಧಾನಸಭೆಗೆ, ಲೋಕಸಭೆಗೆ 25, ಮೇಲ್ಮನೆಗಳಿಗೆ 30. ಗರಿಷ್ಠ ಮಿತಿಯನ್ನು ಎಲ್ಲಿಯೂ ಹೇಳಿಲ್ಲ. ಎಪ್ಪತ್ತೈದರ ಗೆರೆ ಬಂದದ್ದು ಕಾನೂನಿನಿಂದಲ್ಲ, ಒಂದು ಪಕ್ಷದ ಅಲಿಖಿತ ರೂಢಿಯಿಂದ. 2014ರಲ್ಲಿ ಅಡ್ವಾಣಿ ಮತ್ತು ಮುರಳಿ ಮನೋಹರ ಜೋಶಿಯವರು ಮಾರ್ಗದರ್ಶಕ ಮಂಡಲಕ್ಕೆ ಸರಿಸಲ್ಪಟ್ಟರು. 2019ರ ಜುಲೈಯಲ್ಲಿ ಅದೇ ಪಕ್ಷದ ಬಿ.ಎಸ್. ಯಡಿಯೂರಪ್ಪನವರು 76ರ ವಯಸ್ಸಿನಲ್ಲಿ ಮುಖ್ಯಮಂತ್ರಿಯಾದರು. ಎರಡು ವರ್ಷಗಳ ಮೇಲೆ 78ರಲ್ಲಿ ರಾಜೀನಾಮೆ ಕೊಟ್ಟಾಗ ಅದೇ ವಯಸ್ಸು ಮತ್ತೆ ಚರ್ಚೆಯ ವಸ್ತುವಾಯಿತು. ಎದುರಿನ ಪಕ್ಷ 2022ರಲ್ಲಿ 80ರ ಮಲ್ಲಿಕಾರ್ಜುನ ಖರ್ಗೆಯವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಈ ನಿರ್ಣಯಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದು ಬೇರೆ ಮಾತು. ಬೇಕಾದಾಗ ಎಳೆದು ಬೇಡವಾದಾಗ ಅಳಿಸುವ ಗೆರೆಯನ್ನು ಹಿಡಿದಿರುವವನು ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬುದು ಮಾತ್ರ ಸ್ಪಷ್ಟ. ಮನಸ್ಸುಗಳನ್ನು ಮುಚ್ಚಿಸುವ ರೋಗವನ್ನೇ ಔಷಧವೆಂದು ಕೊಟ್ಟಂತಾಯಿತು.

ಉತ್ತರ ಹೇಳಬೇಕಾದ ಸ್ಥಳಗಳು ಎಲ್ಲಿ ಮುಚ್ಚಿವೆ ಎಂಬುದನ್ನು ಮತ್ತೆ ದಂಡಿನ ಬೀದಿಗಳಲ್ಲೇ ನೋಡಬಹುದು. 1949ರಲ್ಲಿ ಪೇಟೆಯ ಮತ್ತು ದಂಡಿನ ಪುರಸಭೆಗಳು ಒಂದಾಗಿ ಬೆಂಗಳೂರು ನಗರಪಾಲಿಕೆಯಾದಾಗ ಹಲಸೂರಿನವನಿಗೂ ಚಿಕ್ಕಪೇಟೆಯವನಿಗೂ ಒಂದೇ ಸಭೆಯಲ್ಲಿ ಪ್ರಶ್ನೆ ಕೇಳುವ ಅವಕಾಶ ದೊರೆಯಿತು. ಆ ಸಭೆಯ ಉತ್ತರಾಧಿಕಾರಿಯಾದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು; ಅಲ್ಲಿಂದ ಮುಂದೆ ಆಡಳಿತಾಧಿಕಾರಿಗಳ ಆಳ್ವಿಕೆ. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಒಡೆದು ಶಿವಾಜಿನಗರವನ್ನು ಕೇಂದ್ರ ಪಾಲಿಕೆಗೂ ಕೃಷ್ಣರಾಜಪುರವನ್ನು ಪೂರ್ವ ಪಾಲಿಕೆಗೂ ಸೇರಿಸಿದಾಗಲೂ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲ. ನಗರಪಾಲಿಕೆಗೆ ಸ್ಪರ್ಧಿಸಲು 21 ವರ್ಷ ತುಂಬಿದ್ದರೆ ಸಾಕು. 2015ರ ಆ ಚುನಾವಣೆಯ ದಿನ 20 ವರ್ಷದವಳಾಗಿದ್ದ ಕೃಷ್ಣರಾಜಪುರದ ಹುಡುಗಿಯೊಬ್ಬಳು ಪೂರ್ವ ಪಾಲಿಕೆ ಹುಟ್ಟುವ ಹೊತ್ತಿಗೆ 30 ತಲಪಿದ್ದಳು. ಈ ಹತ್ತು ವರ್ಷಗಳಲ್ಲಿ ತನ್ನ ವಾರ್ಡಿನಿಂದ ಸ್ಪರ್ಧಿಸಲು ಅವಳಿಗೆ ಒಂದು ಅವಕಾಶವೂ ದೊರೆತಿರಲಿಲ್ಲ, ಮತ್ತು ಅದನ್ನು ತಪ್ಪಿಸಿದ್ದು ಯಾವ ಮುದುಕನ ನರೆಗೂದಲೂ ಅಲ್ಲ.